ಅರಳೆ ತುಂಬಿದ ಕಿವಿ

ರಾಣೆಬೆನ್ನೂರು
4 ಅಕ್ಟೋಬರ್ 2024

ಶ್ರೀ ಪ್ರೇಮಕುಮಾರ ಅವರಿಗೆ ಭರಮಣ್ಣನ ನಮಸ್ಕಾರ.

ಹೆಸರು ನೋಡಿದ ಕೂಡಲೇ ಕಾಗದ ಮಡಚಿ ಇಡಬೇಡಿ. ಇದು ಗಿರಣಿಯ ಕೆಲಸದ ಕಾಗದ, ನನ್ನ ಮನೆಯದಲ್ಲ. ಮೊದಲು ಒಬ್ಬ ಹುಡುಗನಿಂದ ಫೋನ್ ಮಾಡಿಸಿದ್ದೆ. ಎತ್ತಿದ ನಿಮ್ಮ ಮನೆಯವರು, ಅವರಿಗೆ ಫೋನಿನಲ್ಲಿ ಕೇಳುವುದಿಲ್ಲ, ಏನಿದ್ದರೂ ಬರೆದು ಕಳಿಸಿ ಎಂದರು. ಮೊಬೈಲಿನಲ್ಲಿ ಇಷ್ಟುದ್ದ ಒತ್ತುತ್ತ ಕೂರಲು ನನ್ನ ಬೆರಳು ಒಪ್ಪುವುದಿಲ್ಲ, ಅವು ನಟ್ಟು ಬಿಗಿಯುವ ಪಾನಾ ಹಿಡಿದ ಬೆರಳು. ಅದಕ್ಕೇ ಪೋಸ್ಟು.

ದೊಡ್ಡ ಸಾವಕಾರರು ತೀರಿಕೊಂಡ ಮೇಲೆ ನಮ್ಮ ಹತ್ತಿ ಗಿರಣಿಯನ್ನು ಅವರ ಮಗ ಚೇತನಕುಮಾರ ನೋಡಿಕೊಳ್ಳುತ್ತಿದ್ದಾನೆ. ಹೊರಗಿನ ಒಂದು ಕಂಪನಿ ನಮ್ಮ ಅರಳೆ ಕೊಳ್ಳಲು ಬಂದಿದೆ. ಅವರ ಕಡೆಯವರು ಹತ್ತಿಯಿಂದ ಬೀಜ ಬಿಡಿಸುವ ಜಿನ್ ಮಿಷಿನ್ ಮುಂದೆ ಒಂದು ಮೀಟರ್ ಹಿಡಿದು ತೊಂಬತ್ತಮೂರು ಎಂದರು. ಕೆಲಸದವರ ಕಿವಿಗೆ ರಕ್ಷಣೆ ಇಲ್ಲದಿದ್ದರೆ ಮಾಲು ಬೇಡ ಎಂದೂ ಅಂದರು. ಆ ತೊಂಬತ್ತಮೂರು ಏನು, ಸೇರೋ ಕಿಲೋನೋ, ನನಗೆ ತಿಳಿಯಲಿಲ್ಲ. ಚೇತನಕುಮಾರ ಕಂಪ್ಯೂಟರಿನಿಂದ ಇಪ್ಪತ್ತು ಬಗೆಯ ಕಿವಿಯ ಸಾಮಾನಿನ ಚಿತ್ರ ತೆಗೆದು ನನ್ನ ಕೈಗಿಟ್ಟ. "ಮಿಸ್ತ್ರಿ, ಮಂದಿ ನಿಮ್ಮ ಮಾತ ಕೇಳ್ತಾರ. ಯಾವುದು ಬೇಕು ನೀವ ಆರಿಸ್ರಿ" ಎಂದ. ಕೆಲವು ಮೆಕ್ಕೆಜೋಳದ ಕಾಳಿನಂತಿವೆ, ಕೆಲವು ಹಾಡು ಕೇಳುವ ಹುಡುಗರ ತಲೆಯ ಮೇಲಿರುವಂಥವು. ನೋಡಿ ನೋಡಿ ತಲೆ ಗಿರ್ ಅಂದಿತು.

ನಾನು ಫಿಟ್ಟರ್ ಆದಂದಿನಿಂದ ಎಲ್ಲರಿಗೂ ಹೇಳಿಕೊಟ್ಟದ್ದು ಒಂದೇ. ಎದುರಿಗೆ ಬೀಳುವ ಅರಳೆಯನ್ನೇ ಎರಡು ಉಂಡೆ ಮಾಡಿ ಕಿವಿಗಿಟ್ಟುಕೊಳ್ಳಿ ಎಂದು. ಈಗಲೂ ಮೂವತ್ತೆರಡು ಮಂದಿ ಹಾಗೇ ನಿಲ್ಲುತ್ತಾರೆ. ಅದೇ ಸಾಲದೇ? ಸಾಲದಿದ್ದರೆ ಯಾವುದು ಎಲ್ಲಕ್ಕಿಂತ ಒಳ್ಳೆಯದು, ಒಂದೇ ಹೆಸರು ಬರೆಯಿರಿ. ದೀಪಾವಳಿ ಪಾಡ್ಯದ ದಿನ ಮಿಷಿನ್ ಪೂಜೆ, ಅಷ್ಟರೊಳಗೆ ಬೇಕು. ಮೂವತ್ತೆರಡೂ ಹೆಸರಿನ ಪಟ್ಟಿ ಜೊತೆಗಿದೆ.

ಇತಿ,
ಭರಮಣ್ಣ, ಮಿಸ್ತ್ರಿ


ಬ್ಯಾಡಗಿ
10 ಅಕ್ಟೋಬರ್ 2024

ಭರಮಣ್ಣಾ,

ಮೋಟೆಬೆನ್ನೂರಿನ ಒಂದೇ ಓಣಿಯಲ್ಲಿ ನನ್ನ ಜೊತೆ ಗೋಲಿ ಆಡಿದವನು "ಶ್ರೀ ಪ್ರೇಮಕುಮಾರ ಅವರಿಗೆ" ಎಂದು ಬರೆದಿದ್ದನ್ನು ಓದಿ ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು. ಹತ್ತೊಂಬತ್ತು ವರ್ಷ ಮಾತಿಲ್ಲದಿದ್ದರೆ ಮನುಷ್ಯ ದೊಡ್ಡವನಾಗುತ್ತಾನೆಂದು ಗೊತ್ತಿರಲಿಲ್ಲ.

ನಿನಗೆ ಮರೆತಿದ್ದರೆ ನೆನಪಿಸುತ್ತೇನೆ. ಆ ವರ್ಷ ನಾನು ದೊಡ್ಡ ಸಾವಕಾರರ ಮುಂದೆ ನಿಂತು, ಕಿವಿಯಲ್ಲಿ ಗುಂಯ್ ಎನ್ನುತ್ತದೆ, ನನ್ನನ್ನು ಜಿನ್ ಬಿಟ್ಟು ಗೋದಾಮಿಗೆ ಹಾಕಿ ಎಂದು ಕೇಳಿದೆ. ಅವರು ನಿನ್ನ ಕಡೆ ತಿರುಗಿದರು. ನೀನು ಅಷ್ಟೂ ಮಂದಿಯ ಮುಂದೆ "ಕಿವಿ ಚಲೋ ಅದಾವ್ರಿ, ಮೈಗಳ್ಳತನಾರಿ" ಎಂದೆ. ಎಲ್ಲರೂ ನಕ್ಕರು. ಈಗ ನನ್ನ ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿಗೆ ಮಿಷಿನ್ ಸಿಕ್ಕಿಸಿಕೊಂಡು ಮೆಣಸಿನಕಾಯಿ ಪೇಟೆಯ ಬದಿಯಲ್ಲಿ ಮಾಸ್ಕು, ಗ್ಲೌಸು, ಕಿವಿಯ ಸಾಮಾನು ಮಾರುತ್ತೇನೆ. ವ್ಯಾಪಾರದ ಕಾಗದಕ್ಕೆ ವ್ಯಾಪಾರದ ಉತ್ತರ ಕೊಡುತ್ತೇನೆ.

ಅರಳೆ ಸಾಲದು. ಅದು ಧೂಳನ್ನು ತಡೆದೀತು, ಸದ್ದನ್ನು ತಡೆಯುವುದಿಲ್ಲ. ಒಳಗೆ ಏನೋ ಇದೆ ಎಂದು ಮನಸ್ಸಿಗೆ ಸಮಾಧಾನ, ಕಿವಿ ಮಾತ್ರ ದಿನಾ ಸವೆಯುತ್ತಿರುತ್ತದೆ. ತೊಂಬತ್ತಮೂರು ಎಂದರೆ ಸದ್ದಿನ ಅಳತೆ. ಅಂಥ ಸದ್ದಿನಲ್ಲಿ ದಿನಗಟ್ಟಲೆ ಬರಿಗಿವಿಯಲ್ಲಿ ನಿಲ್ಲಬಾರದು. ಮೀಟರ್ ಇಲ್ಲದೆಯೂ ತಿಳಿಯಬಹುದು: ಮೊಳದೂರದಲ್ಲಿ ನಿಂತವನಿಗೆ ನೀನು ಕೂಗಿ ಹೇಳಬೇಕಾದರೆ ಅಲ್ಲಿ ಕಿವಿ ಹಾಳಾಗುತ್ತಿದೆ ಎಂದು ಅರ್ಥ.

ಒಂದೇ ಹೆಸರು ಬರೆ ಎಂದಿದ್ದೀಯ. ಎಲ್ಲರ ಕಾಲಿಗೆ ಒಂದೇ ಅಳತೆಯ ಚಪ್ಪಲಿ ತರುತ್ತೀಯಾ? ಬಸ್ಸಿನಲ್ಲಿ ನಾಲ್ಕು ಬಗೆ ಕಳಿಸಿದ್ದೇನೆ. ಯಾರಿಗೆ ರುಮಾಲು, ಯಾರಿಗೆ ಕನ್ನಡಕ, ಯಾರ ಕೈ ಯಾವಾಗಲೂ ಗ್ರೀಸು, ನೋಡಿ ಹಾಕಿಸು. ದಿನವಿಡೀ ತೆಗೆಯದೆ ಯಾವುದನ್ನು ಹಾಕಿಕೊಳ್ಳುತ್ತಾರೋ ಅದೇ ಒಳ್ಳೆಯದು. ಅದಕ್ಕೂ ಮುಂಚೆ ಎಲ್ಲರ ಕಿವಿ ಪರೀಕ್ಷೆ ಆಗಲಿ. ಹಾವೇರಿಯಲ್ಲಿ ಕಾವ್ಯಾ ಎಂಬ ಹುಡುಗಿ ಮಾಡುತ್ತಾಳೆ.

ಪಟ್ಟಿಯಲ್ಲಿ ಮೂವತ್ತೆರಡು ಹೆಸರಿವೆ. ಮಿಸ್ತ್ರಿಯ ಹೆಸರು ಎಲ್ಲಿ?

ಪ್ರೇಮಕುಮಾರ


ರಾಣೆಬೆನ್ನೂರು
23 ಅಕ್ಟೋಬರ್ 2024

ಪ್ರೇಮಾ,

ಸರಿ, ನೀನು ಎಂದೇ ಬರೆಯುತ್ತೇನೆ. ಹಳೆಯದನ್ನು ಕೆದಕಿದರೆ ಇಬ್ಬರ ಕೈಯೂ ಹೊಲಸು. ಅಂದು ಸೀಜನ್ ನಡೆದಿತ್ತು, ನಿನ್ನ ಬದಲಿಗೆ ಯಾರೂ ಇರಲಿಲ್ಲ. ಅಷ್ಟು ಹೇಳಿ ಬಿಡುತ್ತೇನೆ.

ಡಬ್ಬಿ ಬಂತು. ಎಲ್ಲರನ್ನೂ ಕೂರಿಸಿ ಹಾಕಿಸಿದೆ. ಒಂದು ಕಡೆ ಸರಿ ಮಾಡಿದರೆ ಇನ್ನೊಂದು ಕಡೆ ಕೆಡುತ್ತದೆ. ಹಳದಿ ಸ್ಪಂಜಿನ ಪ್ಲಗ್ಗನ್ನು ತೆಳ್ಳಗೆ ಹೊಸೆದು, ಕಿವಿಯನ್ನು ಮೇಲಕ್ಕೆ ಎಳೆದು ಒಳಗೆ ಬಿಡಬೇಕೆಂದು ನೀನು ಡಬ್ಬಿಯೊಳಗಿನ ಚೀಟಿಯಲ್ಲಿ ಬರೆದಿದ್ದೆ. ಅರ್ಧ ಮಂದಿ ಕಿವಿಯ ಬಾಗಿಲಲ್ಲೇ ಇಟ್ಟು ಕೈಬಿಟ್ಟರು, ಹತ್ತಿಬೀಜದ ಚೀಲ ಎತ್ತುವಷ್ಟರಲ್ಲಿ ನೆಲಕ್ಕೆ ಬಿದ್ದವು. ಬಿದ್ದದ್ದನ್ನು ಅದೇ ಧೂಳಿನ ಕೈಯಲ್ಲಿ ಮತ್ತೆ ಹೊಸೆದರು. ನಮ್ಮ ಹಿರಿಯ ಕೆಲಸಗಾರ ಲಕ್ಷ್ಮಪ್ಪಜ್ಜ ರುಮಾಲು ಬಿಚ್ಚುವುದಿಲ್ಲ. ಅದರ ಮೇಲೆಯೇ ತಲೆಪಟ್ಟಿಯ ಮಫ್ ಏರಿಸಿದರೆ ಅದು ಕಿವಿಗೆ ಮುಟ್ಟದೆ ಕಪಾಳದ ಮೇಲೆ ಕೂತಿತು. ಹೆಂಗಸರಿಗೆ ಸೆರಗು ಅಡ್ಡ ಬಂತು, ಬೆಂಡೋಲೆ ಒತ್ತಿ ನೋವಾಯಿತು. ತೆಗೆದಿಡಿ ಎಂದೆ. ಮುತ್ತೈದೆಯರು ಕಿವಿ ಬೋಳು ಮಾಡಿಕೊಂಡು ನಿಲ್ಲಬೇಕೇನು ಎಂದು ನನ್ನನ್ನೇ ಬೈದರು. ಇಪ್ಪತ್ತು ವರ್ಷ ಅರಳೆ ಇಡು ಎಂದವರು ಈಗ ಅರಳೆ ಬೇಡ ಎನ್ನುತ್ತೀರಿ, ನಾಳೆ ಏನು ಎನ್ನುತ್ತೀರಿ ಎಂದು ಒಬ್ಬಳು ಕೇಳಿದಳು.

ನನ್ನ ತಂಗಿಯ ಮಗಳು ದುರಗವ್ವ ನಿನಗೆ ಗೊತ್ತಿಲ್ಲ. ಗಂಡ ಹೋದ ಮೇಲೆ ನಾನೇ ಕರೆತಂದು ಜಿನ್‌ಗೆ ಹತ್ತಿ ಹಾಕುವ ಕೆಲಸಕ್ಕೆ ಹಚ್ಚಿದೆ, ಒಂಬತ್ತು ವರ್ಷವಾಯಿತು. ಮನೆಗೆ ಹೋದ ಮೇಲೂ ಕಿವಿಯೊಳಗೆ ಜಿನ್ ನಡೆದೇ ಇರುತ್ತದೆ ಎಂದು ಹೋದ ತಿಂಗಳು ಹೇಳಿದಳು. ಆಗಿನಿಂದ ನನಗೆ ಅನ್ನ ರುಚಿಸುತ್ತಿಲ್ಲ. ಅವಳಿಗೆ ಡಬ್ಬಿಯಲ್ಲಿ ಎಲ್ಲಕ್ಕಿಂತ ದೊಡ್ಡ ಸಂಖ್ಯೆ ಬರೆದ ಪ್ಲಗ್ ಕೊಟ್ಟಿದ್ದೇನೆ. ಅದರ ಮೇಲೆ ದೊಡ್ಡ ಮಫ್ ಕೂಡ ಹಾಕಿಸುತ್ತೇನೆ. ಆಕೆಗೆ ಬೆಂಡೋಲೆಯ ತಕರಾರು ಇಲ್ಲ. ಹೆಚ್ಚು ಇದ್ದಷ್ಟು ಒಳ್ಳೆಯದಲ್ಲವೇ?

ಪರೀಕ್ಷೆಗೆ ನನ್ನ ಹೆಸರು ಯಾಕೆ? ನನ್ನ ಕಿವಿ ನನ್ನ ಹತ್ಯಾರ. ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗಿಗೆ, ಹಿಡಿಯನ್ನು ಕಿವಿಗೆ ಇಟ್ಟು ರೋಗ ಹೇಳುವವನು ನಾನು. ಅದನ್ನು ಮುಚ್ಚಿಕೊಂಡರೆ ನಾನು ಗಿರಣಿಯಲ್ಲಿ ಇದ್ದೇನು ಪ್ರಯೋಜನ?

ಭರಮಣ್ಣ


ಬ್ಯಾಡಗಿ
4 ನವೆಂಬರ್ 2024

ಭರಮಣ್ಣಾ,

ಹಬ್ಬದ ಗಡಿಬಿಡಿಯಲ್ಲಿ ನಿನ್ನ ಕಾಗದ ತಡವಾಗಿ ಕೈಗೆ ಬಂತು. ಒಂದೇ ಮಾತು ಬೇಗ ಹೇಳಬೇಕಿದೆ. ದುರಗವ್ವನಿಗೆ ಎರಡೂ ಹಾಕಿಸಬೇಡ.

ಡಬ್ಬಿಯ ಮೇಲಿನ ಸಂಖ್ಯೆ ಎಂದರೆ ಅದು ಎಷ್ಟು ಸದ್ದು ತಡೆಯುತ್ತದೆ ಎಂದು ಪ್ರಯೋಗಶಾಲೆಯಲ್ಲಿ ಅಳೆದದ್ದು. ನಮ್ಮ ಮಂದಿ ಹಾಕಿಕೊಳ್ಳುವ ರೀತಿಗೆ ಹಲವರಿಗೆ ಅದರ ಅರ್ಧವೂ ಸಿಗುವುದಿಲ್ಲ, ಅದು ನಿಜ. ಆದರೆ ನೀನು ಅವಳ ಮುಂದೆ ಕೂತು ಸರಿಯಾಗಿ ಹಾಕಿಸಿದ್ದೀಯ, ಅವಳಿಗೆ ಪೂರ್ತಿ ಸಿಗುತ್ತದೆ. ತೊಂಬತ್ತಮೂರು ಎಂಬತ್ತರ ಒಳಗೆ ಇಳಿದರೆ ಸಾಕು. ಅದಕ್ಕಿಂತ ಬಹಳ ಕೆಳಗೆ ಇಳಿಸಿದರೆ ಅವಳಿಗೆ ಪಕ್ಕದವರ ಕೂಗು ಕೇಳುವುದಿಲ್ಲ, ಹಾರ್ನು ಕೇಳುವುದಿಲ್ಲ. ಅತಿಯಾದರೆ ಅಮೃತವೂ ವಿಷ ಎಂದು ನಿನ್ನ ಅವ್ವನೇ ನಮಗೆ ಹೋಳಿಗೆ ಬಡಿಸುತ್ತ ಹೇಳುತ್ತಿದ್ದಳು. ಒಂದನ್ನು ಇಂದೇ ತೆಗೆಸು.

ನಿನ್ನ ಕಿವಿಯ ಮಾತು ಆಮೇಲೆ.

ಪ್ರೇಮಕುಮಾರ


ರಾಣೆಬೆನ್ನೂರು
12 ನವೆಂಬರ್ 2024

ಪ್ರೇಮಾ,

ನಿನ್ನ ಕಾಗದ ಶನಿವಾರ ಬಂತು. ಶುಕ್ರವಾರವೇ ಆಗಬಾರದ್ದು ಆಗಿ ಹೋಗಿತ್ತು.

ದುರಗವ್ವ ನೀರು ಕುಡಿಯಲು ಅಂಗಳಕ್ಕೆ ಹೋದಳು. ಪ್ಲಗ್ಗೂ ಇತ್ತು, ಮಫ್ಫೂ ಇತ್ತು, ತೆಗೆಯಬೇಡ ಎಂದು ನಾನೇ ಹೇಳಿದ್ದೆ. ಗುತ್ತಲದಿಂದ ಬಂದ ಹತ್ತಿಯ ಟ್ರ್ಯಾಕ್ಟರು ಹಿಂದಕ್ಕೆ ಬರುತ್ತಿತ್ತು. ಡ್ರೈವರ್ ಹಾರ್ನು ಹೊಡೆದನಂತೆ, ಮಂದಿ ಕೂಗಿದರಂತೆ. ಅವಳು ತಿರುಗಲೇ ಇಲ್ಲ. ಟ್ರೇಲರಿನ ಮೂಲೆ ತಾಗಿ ಬಿದ್ದು ಬಲಗೈ ಮಣಿಕಟ್ಟು ಮುರಿಯಿತು. ಇನ್ನೊಂದು ಹೆಜ್ಜೆ ಆಚೆ ಇದ್ದರೆ ಗಾಲಿಯ ಕೆಳಗೆ.

ಮರುದಿನ ಎಲ್ಲರೂ ಕಿವಿಯಿಂದ ಕಿತ್ತು ಮೂಲೆಗೆ ಎಸೆದರು, ಮತ್ತೆ ಅರಳೆ ತುರುಕಿಕೊಂಡರು. ಚೇತನಕುಮಾರನಿಗೆ ಕಂಪನಿಯ ಚಿಂತೆ. ಮಿಸ್ತ್ರಿ, ಲಗೂ ಒಂದು ತೀರ್ಮಾನ ಮಾಡ್ರಿ ಎನ್ನುತ್ತಾನೆ. ಯಾವ ತೀರ್ಮಾನ? ಮುಚ್ಚಿದರೆ ಜೀವಕ್ಕೆ ಕುತ್ತು, ಬಿಟ್ಟರೆ ಕಿವಿಗೆ ಕುತ್ತು. ಒಳ್ಳೆಯದಾಗಲಿ ಎಂದು ಅರಳೆ ಇಡಿಸಿದೆ, ಅದು ತಪ್ಪು. ಒಳ್ಳೆಯದಾಗಲಿ ಎಂದು ದೊಡ್ಡದನ್ನು ಹಾಕಿಸಿದೆ, ಅದೂ ತಪ್ಪು. ದುರಗವ್ವ ಮಾತ್ರ ನಿನ್ನೆ ಎಡಗೈಯಲ್ಲೇ ನನಗೆ ಚಹಾ ತಂದು ಕೊಟ್ಟಳು. ಬೈದಿದ್ದರೆ ಚೆನ್ನಾಗಿತ್ತು.

ಏನು ಮಾಡಲಿ, ಬಿಡಿಸಿ ಬರೆ.

ಭರಮಣ್ಣ


ಬ್ಯಾಡಗಿ
18 ನವೆಂಬರ್ 2024

ಭರಮಣ್ಣಾ,

ದುರಗವ್ವನ ಸುದ್ದಿ ಓದಿ ಸಂಕಟವಾಯಿತು. ನನ್ನ ತಪ್ಪೂ ಇದೆ. ಸಂಖ್ಯೆಯ ಮಾತನ್ನು ಮೊದಲ ಕಾಗದದಲ್ಲೇ ಬರೆಯಬೇಕಿತ್ತು. ಸಿಟ್ಟಿನ ಮಾತಿಗೇ ಅದರಲ್ಲಿ ಜಾಗ ಹೋಯಿತು.

ಹೆಂಗಸರಿಗೆ ಮೆತ್ತನೆಯ ರಬ್ಬರಿನ, ದಾರವಿರುವ ಪ್ಲಗ್ ಕಳಿಸಿದ್ದೇನೆ. ಹೊಸೆಯುವ ಕೆಲಸವಿಲ್ಲ, ಸಂಜೆ ಸಬಕಾರದಲ್ಲಿ ತೊಳೆಯಬಹುದು, ಬೆಂಡೋಲೆಗೂ ಸೆರಗಿಗೂ ತಂಟೆ ಇಲ್ಲ. ಮೂರು ಅಳತೆ ಇವೆ, ಒಬ್ಬೊಬ್ಬರಿಗೆ ಹಾಕಿ ನೋಡು. ಲಕ್ಷ್ಮಪ್ಪಜ್ಜನಿಗೆ ಪಟ್ಟಿ ಕತ್ತಿನ ಹಿಂದೆ ಹೋಗುವ ಮಫ್ ಇದೆ, ರುಮಾಲು ತಲೆಯ ಮೇಲೇ ಇರಲಿ. ಎಲ್ಲವೂ ನಡುಮಟ್ಟದ ಸಂಖ್ಯೆಯವು. ಅಂಗಳಕ್ಕೆ ಕಿವಿಯ ಸಾಮಾನು ಮದ್ದಲ್ಲ. ಟ್ರ್ಯಾಕ್ಟರ್ ಹಿಂದೆ ಬರುವಾಗ ಕೆಂಪು ಬಾವುಟ ಹಿಡಿದು ಒಬ್ಬ ನಿಲ್ಲಲಿ, ಮಂದಿ ಓಡಾಡಲು ಬೇರೆ ದಾರಿ ಇರಲಿ. ಇದಿಷ್ಟನ್ನು ಚೇತನಕುಮಾರನಿಗೆ ಓದಿ ಹೇಳು.

ಮುಂದಿನದನ್ನು ಓದಿ ಹೇಳಬೇಡ. ಡ್ರೈವರ್ ಹಾರ್ನು ಹೊಡೆದ"ನಂತೆ", ಮಂದಿ ಕೂಗಿದ"ರಂತೆ" ಎಂದು ಬರೆದಿದ್ದೀಯ. ನೀನು ಎಲ್ಲಿದ್ದೆ? ನಿನ್ನ ಕಿವಿಯಲ್ಲಿ ಏನೂ ಇರಲಿಲ್ಲವಲ್ಲ?

ಪ್ರೇಮಕುಮಾರ


ರಾಣೆಬೆನ್ನೂರು
11 ಡಿಸೆಂಬರ್ 2024

ಪ್ರೇಮಾ,

ಮೂರು ವಾರ ನಿನಗೆ ಬರೆಯಲಿಲ್ಲ. ಮೂರು ಸಲ ಬರೆದು ಹರಿದೆ.

ನಾನು ಅಂಗಳದಲ್ಲೇ ಇದ್ದೆ. ಅವಳಿಂದ ಹತ್ತು ಹೆಜ್ಜೆ ದೂರದಲ್ಲಿ, ಟ್ರ್ಯಾಕ್ಟರಿಗೆ ಬೆನ್ನು ಹಾಕಿ, ಬರಿಗಿವಿಯಲ್ಲಿ. ನನಗೂ ಹಾರ್ನು ಕೇಳಲಿಲ್ಲ. ಅವಳು ಬಿದ್ದ ಮೇಲೆ ಮಂದಿ ಓಡಿದ್ದನ್ನು ನೋಡಿ ನಾನೂ ಓಡಿದೆ. ಆ ಟ್ರೇಲರು ಎರಡು ಮಾರು ಈಚೆ ಬಂದಿದ್ದರೆ ಅದು ನಾನಾಗಿರುತ್ತಿದ್ದೆ.

ಹೋದ ವಾರ ಎಲ್ಲರನ್ನೂ ಹಾವೇರಿಗೆ ಪರೀಕ್ಷೆಗೆ ಕರೆದುಕೊಂಡು ಹೋದೆವು. ಕಿವಿ ಹೋಗಿದೆ ಎಂದು ಬಂದರೆ ಕೆಲಸ ಹೋಗುತ್ತದೆ ಎಂದು ಮಂದಿ ಹೆದರಿ, ಮಿಸ್ತ್ರಿ ಮೊದಲು ಕೂರಲಿ ಎಂದು ಹಟ ಹಿಡಿದರು. ಕೂತೆ. ಕಾವ್ಯಾ ತಲೆಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗಲೆಲ್ಲ ಈ ಗುಂಡಿ ಒತ್ತಿರಿ ಎಂದು ಗಾಜಿನ ಆಚೆ ಹೋಗಿ ಕೂತಳು. ಮೊದಮೊದಲು ದಪ್ಪ ಸದ್ದುಗಳು ಕೇಳಿದವು, ಒತ್ತಿದೆ. ಆಮೇಲೆ ಏನೂ ಇಲ್ಲ. ಆದರೆ ಅವಳು ಸದ್ದು ಬಿಡುವಾಗ ಭುಜ ಕೊಂಚ ಅಲ್ಲಾಡುವುದು ಗಾಜಿನಲ್ಲಿ ಕಾಣುತ್ತಿತ್ತು. ಎರಡು ವರ್ಷದಿಂದ ನಾನು ಜಿನ್ನಿನ ರೋಗ ಹೇಳುತ್ತಿರುವುದೂ ಹೀಗೇ, ಕೈಯಿಟ್ಟು ಅದರ ನಡುಕ ನೋಡಿ. ಸ್ಕ್ರೂಡ್ರೈವರ್ ಕಿವಿಗಿಡುವುದು ಮಂದಿಗೆ ತೋರಿಸಲಿಕ್ಕೆ. ಭುಜ ಅಲ್ಲಾಡಿದಾಗಲೆಲ್ಲ ಗುಂಡಿ ಒತ್ತಿದೆ. ಕಾಗದ ಹೊರಬಂದಾಗ ಅವಳಿಗೇ ಗಲಿಬಿಲಿಯಾಯಿತು. ಐವತ್ತಾರು ವರ್ಷದವರಿಗೆ ಇಷ್ಟು ಚೊಕ್ಕ ಕಿವಿ ಇರುವುದಿಲ್ಲವಲ್ಲ ಎಂದಳು. ನಾನು ಮಂದಿಗೆ ಕಾಗದ ತೋರಿಸಿದೆ. ಅವರ ಹೆದರಿಕೆ ಹೋಯಿತು, ಎಲ್ಲರೂ ಸಾಲಾಗಿ ಕೂತರು.

ದುರಗವ್ವನ ಕಾಗದ ಬಂತು. ಎಡಗಿವಿ ಅರ್ಧ ಹೋಗಿದೆ. ಇನ್ನು ಮುಂದೆ ಕಾಪಾಡಿಕೊಂಡರೆ ಉಳಿದದ್ದು ಉಳಿಯುತ್ತದೆ, ಹೋದದ್ದು ಬರುವುದಿಲ್ಲ ಎಂದಳು ಕಾವ್ಯಾ.

ಬಸ್ಸಿನಲ್ಲಿ ಅವಳು ನನ್ನ ಪಕ್ಕ ಕೂತಳು. ಕೈಗೆ ಪ್ಲಾಸ್ಟರ್ ಹಾಗೇ ಇತ್ತು. ನನ್ನ ಕಿವಿಗೆ ಬಾಯಿ ಹಚ್ಚಿ, "ಮಾವಾ, ನೀವು ಆಕಿ ಭುಜ ನೋಡಿ ಒತ್ತಿದ್ರಿ. ನಾ ಹೊರಗಿಂದ ನೋಡಾಕತ್ತಿದ್ದೆ. ನನಗೂ ಭುಜ ಕಾಣತಿತ್ತು. ನಾ ಒತ್ತಲಿಲ್ಲ" ಎಂದಳು.

ಅಷ್ಟೇ ಅಂದದ್ದು. ಬಸ್ಸು ಮೋಟೆಬೆನ್ನೂರಿನಲ್ಲಿ ನಿಂತಾಗ ನಾನು ಇಳಿದೆ. ಆಚೆ ಬದಿಗೆ ದಾಟಿ ಹಾವೇರಿಯ ಬಸ್ಸು ಹತ್ತಿದೆ. ಯಾಕೆ ಹತ್ತಿದೆ, ಹೋಗಿ ಏನು ಹೇಳುತ್ತೇನೆ, ಒಂದೂ ನನಗೆ ಸ್ಪಷ್ಟ ಇರಲಿಲ್ಲ. ಕಾವ್ಯಾ ಬಾಗಿಲು ಹಾಕುತ್ತಿದ್ದಳು. ಇನ್ನೊಮ್ಮೆ ನೋಡವ್ವಾ ಎಂದು ಕೇಳಿ, ಕುರ್ಚಿಯನ್ನು ನಾನೇ ಎತ್ತಿ ಗೋಡೆಯ ಕಡೆ ತಿರುಗಿಸಿ ಕೂತೆ. ನಾಲ್ಕೈದು ಸದ್ದು ಬಂದವು. ಆಮೇಲೆ ಬರಲಿಲ್ಲ. ಕಾದೆ. ಮಿಷಿನ್ ಕೆಟ್ಟಿರಬೇಕು ಎಂದುಕೊಂಡೆ. ಹುಡುಗಿ ಬೇಸತ್ತು ಎದ್ದು ಹೋಗಿರಬೇಕು ಎಂದುಕೊಂಡೆ. ಕಡೆಗೆ ತಿರುಗಿ, ಶುರು ಮಾಡವ್ವಾ ಎಂದೆ. ಅವಳು ಅಲ್ಲೇ ಇದ್ದಳು, ಕೈ ಮಿಷಿನಿನ ಮೇಲೇ ಇತ್ತು. "ಎರಡೂ ಕಿವಿ ಮುಗದಾವ್ರಿ" ಎಂದು ಗಟ್ಟಿಯಾಗಿ ಹೇಳಿದಳು.

ಯಾವಾಗಿನಿಂದ ಹೀಗೆ ಎಂದು ಕೇಳಿದಳು. ಕಿವಿಯಲ್ಲಿ ಗುಂಯ್ ಎನ್ನಲು ಶುರುವಾದದ್ದು ಯಾವಾಗ ಎಂದು. ಪ್ರೇಮಾ, ನೀನು ದೊಡ್ಡ ಸಾವಕಾರರ ಮುಂದೆ ನಿಂತ ದಿನ ನನ್ನ ಕಿವಿಯೂ ಗುಂಯ್ ಎನ್ನುತ್ತಿತ್ತು. ಆ ಹೊತ್ತಿಗೆ ಒಂದು ವರ್ಷವಾಗಿತ್ತು. ಹೌದು ಎಂದರೆ ಇಬ್ಬರನ್ನೂ ತೆಗೆದಾರು ಎಂದು ಹೆದರಿದೆ. ಮೈಗಳ್ಳ ನೀನಲ್ಲ, ಹೇಡಿ ನಾನು. ಅಂದು ಖರೇ ಹೇಳಿದ್ದರೆ ನಿನ್ನ ಕಿವಿ ಉಳಿಯುತ್ತಿತ್ತು, ನನ್ನದು ಉಳಿಯುತ್ತಿತ್ತು, ದುರಗವ್ವನಿಗೆ ಅರಳೆ ಕೊಟ್ಟು ನಿಲ್ಲಿಸುತ್ತಿರಲಿಲ್ಲ. ನನ್ನದು ತಪ್ಪಾಯಿತು.

ಮರುದಿನ ಎರಡನೇ ಪರೀಕ್ಷೆಯ ಕಾಗದವನ್ನು ಚೇತನಕುಮಾರನ ಮೇಜಿನ ಮೇಲಿಟ್ಟೆ, ಮಂದಿಗೂ ಹೇಳಿದೆ. ಅವನು ಓದಿ, ನೋಡೋಣ ಎಂದ. ಇರು ಎಂದೋ ಹೋಗು ಎಂದೋ ನನಗೆ ತಿಳಿದಿಲ್ಲ. ಹೆಂಗಸರು ನಿನ್ನ ರಬ್ಬರಿನ ಪ್ಲಗ್ ಹಾಕಿಕೊಳ್ಳುತ್ತಿದ್ದಾರೆ. ದುರಗವ್ವ ಸದ್ಯ ಗೋದಾಮಿನಲ್ಲಿ ಚೀಲ ಎಣಿಸುತ್ತಾಳೆ.

ಭರಮಣ್ಣ


ಬ್ಯಾಡಗಿ
19 ಡಿಸೆಂಬರ್ 2024

ಭರಮಣ್ಣಾ,

ನಿನ್ನ ಕಾಗದವನ್ನು ಅಂಗಡಿಯಲ್ಲಿ ಓದಿದೆ, ಮನೆಗೆ ಹೋಗಿ ಇನ್ನೊಮ್ಮೆ ಓದಿದೆ. ಸಂತೋಷವಾಗಬಹುದು ಎಂದುಕೊಂಡಿದ್ದೆ. ಆಗಲಿಲ್ಲ. ಮೊದಲಿಗಿಂತ ಹೆಚ್ಚು ಸಿಟ್ಟು ಬಂತು. ನಿನಗೆ ಗೊತ್ತಿರಲಿಲ್ಲ ಎಂದುಕೊಂಡೇ ನಾನು ಇಷ್ಟು ವರ್ಷ ನಿನ್ನನ್ನು ಅರ್ಧ ಮಾಫಿ ಮಾಡಿದ್ದೆ. ಈಗ ಅದನ್ನೂ ವಾಪಸ್ ತೆಗೆದುಕೊಂಡಿದ್ದೇನೆ.

ನಿನ್ನ ಕಿವಿಗೆ ಯಾವ ಮಿಷಿನ್ ಹೊಂದುತ್ತದೆ ಎಂದು ಕಾವ್ಯಾಳನ್ನು ಕೇಳೋಣ. ಉಳಿದಷ್ಟಕ್ಕೆ ನೀನೂ ಪ್ಲಗ್ ಹಾಕಿಕೊಂಡೇ ಜಿನ್ ಮುಂದೆ ನಿಲ್ಲು. ಕೈಯಿಂದ ರೋಗ ಹೇಳುವವನಿಗೆ ಕಿವಿ ಮುಚ್ಚಿದರೆ ಏನೂ ನಷ್ಟವಿಲ್ಲ. ಅದನ್ನೇ ಚೇತನಕುಮಾರನಿಗೂ ಹೇಳು.

ಆದರೆ ತಪ್ಪಾಯಿತು ಎಂಬುದನ್ನು ನಾನು ಕಾಗದದಲ್ಲಿ ತೆಗೆದುಕೊಳ್ಳುವುದಿಲ್ಲ. ನೀನು ನನಗೆ ಮೈಗಳ್ಳ ಎಂದದ್ದು ಬರೆದಲ್ಲ, ಮಂದಿಯ ಮುಂದೆ ಬಾಯಿಬಿಟ್ಟು. ರವಿವಾರ ಬ್ಯಾಡಗಿಗೆ ಬಾ. ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಹೇಳು. ಮೆಲ್ಲಗೆ ಹೇಳಿದರೆ ನನಗೆ ಕೇಳುವುದಿಲ್ಲ, ನಾನು ಮೆಲ್ಲಗೆ ಉತ್ತರ ಕೊಟ್ಟರೆ ನಿನಗೆ ಕೇಳುವುದಿಲ್ಲ. ಇಬ್ಬರೂ ಒದರಬೇಕಾಗುತ್ತದೆ. ಓಣಿಯವರೆಲ್ಲ ಬಾಗಿಲಿಗೆ ಬಂದು ನಿಂತು ಕೇಳುತ್ತಾರೆ. ಕೇಳಲಿ.

ಊಟಕ್ಕೆ ಇಲ್ಲೇ ಇರು.

ಪ್ರೇಮ್ಯಾ